ಹಿಂದಿನ ಬೆಂಚಿನವರೆಲ್ಲ ಪುಂಡರಾ ಮೇಷ್ಟ್ರೇ?

ಪ್ರಶ್ನೆ: ಮಗ ಎಂಟನೇ ಕ್ಲಾಸಿಗೆ ಸೇರಿದ್ದಾನೆ. ಕೊನೇ ಬೆಂಚಲ್ಲಿ ಕೂರಿಸಿದ್ದಾರೆ. ಸಿನಿಮಾದಲ್ಲಿ ತೋರಿಸೋ ಹಾಗೆ ಪುಂಡರ ಗ್ಯಾಂಗಿಗೆ ಸೇರಿಬಿಡ್ತಾನಾ?

ಉತ್ತರ: ಜೂನ್ ಬಂತೆಂದರೆ ಮಳೆಯೂ ಈ ಪ್ರಶ್ನೆಯೂ ಒಟ್ಟಿಗೇ ಹಿಡಿದುಕೊಳ್ಳುತ್ತವೆ. ಸೇರಲ್ಲ. ಮೊದಲು ಮಗನ ಎತ್ತರ ಎಷ್ಟು ನೋಡಿ.

ತೀರ್ಥಹಳ್ಳಿ ಸುತ್ತಮುತ್ತ ನಾನು ಪಾಠ ಮಾಡಿದ ಕಡೆಯೆಲ್ಲ ಮಕ್ಕಳನ್ನು ಕೂರಿಸಿದ್ದು ಎತ್ತರ ನೋಡಿ. ಗಿಡ್ಡಗಿರುವವರು ಮುಂದೆ, ಉದ್ದಗಿರುವವರು ಹಿಂದೆ, ಅಷ್ಟೇ. ಬೇಸಿಗೆ ರಜೆಯಲ್ಲಿ ಮೂರಿಂಚು ಬೆಳೆದು ಬಂದವನು ಎರಡು ಬೆಂಚು ಹಿಂದಕ್ಕೆ ಹೋಗುತ್ತಾನೆ. ಜೊತೆಗೆ ಅವನ ಬುದ್ಧಿಯೂ ಹಿಂದಕ್ಕೆ ಹೋಯಿತೇ? ನನ್ನ ಕೊನೇ ಬೆಂಚಲ್ಲೊಬ್ಬ ಇದ್ದ. ಕೊನೆಕೊಯ್ಲಿನ ಕಾಲದಲ್ಲಿ ಮೊದಲ ಪಿರಿಯಡ್ ಪೂರ್ತಿ ತೂಕಡಿಕೆ, ಬೆರಳೆಲ್ಲ ಕಪ್ಪು. ಸಿನಿಮಾದವರ ಕೈಗೆ ಸಿಕ್ಕಿದ್ದರೆ ಅವನೇ ರೌಡಿ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದು ಬರುತ್ತಿದ್ದ. ಅದೇ ಕಪ್ಪು ಬೆರಳಲ್ಲಿ ಸೀಮೆಸುಣ್ಣ ಹಿಡಿದು ಪೈಥಾಗೊರಸನ ಪ್ರಮೇಯವನ್ನು ಒಂದು ಗೆರೆಯನ್ನೂ ಅಳಿಸದೆ ಬೋರ್ಡಿನ ಮೇಲೆ ಸಾಧಿಸಿದ. ಮುಂದಿನ ಬೆಂಚಿನ ಕನ್ನಡಕದವರು ಬಾಯಿ ಬಿಟ್ಟುಕೊಂಡು ಬರೆದುಕೊಂಡರು.

ಈ ಗ್ಯಾಂಗಿನ ಕಲ್ಪನೆ ಬಹುಪಾಲು ಅಮೆರಿಕದ ಸರಕು. ಅಲ್ಲಿ ಪಿರಿಯಡ್ಡಿಗೊಂದು ರೂಮಿಗೆ ಮಕ್ಕಳೇ ಓಡಾಡುತ್ತಾರೆ. ಹಾಗಾಗಿ ಊಟದ ಹಾಲಿನಲ್ಲಿ ಯಾರ ಮೇಜಿಗೆ ಕೂರುತ್ತೀ ಅನ್ನುವುದೇ ದೊಡ್ಡ ವಿಷಯ. 1985ರ 'ದಿ ಬ್ರೇಕ್‌ಫಾಸ್ಟ್ ಕ್ಲಬ್' ಸಿನಿಮಾ ಓದುವವ, ಆಟಗಾರ, ಬಿನ್ನಾಣಗಿತ್ತಿ, ಪುಂಡ, ತಿಕ್ಕಲು ಹುಡುಗಿ ಅಂತ ಐದು ಅಚ್ಚು ಇಟ್ಟುಕೊಂಡು, ಕೊನೆಗೆ ಅವನ್ನು ತಾನೇ ಒಡೆಯುತ್ತದೆ. ನಕಲು ಮಾಡಿದವರು ಅಚ್ಚು ತಂದರು, ಒಡೆದದ್ದನ್ನು ಬಿಟ್ಟರು. ನಮ್ಮಲ್ಲಿ ಬಿಸಿಯೂಟಕ್ಕೆ ಮೇಜೆಲ್ಲಿದೆ? ಜಗಲಿಯಲ್ಲಿ ಸಾಲಾಗಿ ತಟ್ಟೆ. ಗುಂಪು ಅಂತಿದ್ದರೆ ಅದು ಬಸ್ಸಿನದು. ಆಗುಂಬೆ ಕಡೆಯ ಬಸ್ ಕೆಟ್ಟ ದಿನ ಇಡೀ ಗುಂಪೇ ಗೈರು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸಿನಿಮಾದ ಹೈಸ್ಕೂಲಿನವರ ಎದುರು ನಮ್ಮ ಮಕ್ಕಳು ಪೀಚಾಗಿ ಕಾಣಲು ಕಾರಣ, ಅಲ್ಲಿರುವವರು ಮಕ್ಕಳೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳಿಂದ ದಿನಕ್ಕೆ ಇಷ್ಟೇ ಗಂಟೆ ಕೆಲಸ ಮಾಡಿಸಬೇಕೆಂಬ ಕಾನೂನಿದೆ, ಸೆಟ್ಟಲ್ಲೇ ಪಾಠವನ್ನೂ ಹೇಳಿಸಬೇಕು. ದೊಡ್ಡವರನ್ನು ಹಾಕಿಕೊಂಡರೆ ಆ ರಗಳೆಯಿಲ್ಲ. 1978ರ 'ಗ್ರೀಸ್'ನಲ್ಲಿ ಹೈಸ್ಕೂಲ್ ಹುಡುಗಿಯಾದ ಸ್ಟಾಕರ್ಡ್ ಚಾನಿಂಗ್‌ಗೆ ಚಿತ್ರೀಕರಣದ ಹೊತ್ತಿಗೆ 33 ವರ್ಷ. ನಾನು ಮೇಷ್ಟ್ರಾಗಿ ಸೇರಿದ್ದೇ 26ಕ್ಕೆ.