ವೆಲ್ಡರ್‌ನ ಇ-ಪೋರ್ಟ್‌ಫೋಲಿಯೋದಲ್ಲಿ ಏನಿರಬೇಕು?

ಪ್ರಶ್ನೆ: ಐಟಿಐನಲ್ಲಿ ವೆಲ್ಡರ್ ಟ್ರೇಡ್ ಮುಗಿಸಿ ಈಗ ಅಪ್ರೆಂಟಿಸ್ ಆಗಿದ್ದೇನೆ. ಇ-ಪೋರ್ಟ್‌ಫೋಲಿಯೋ, ಅಂದರೆ ಮಾಡಿದ ಕೆಲಸ ತೋರಿಸುವ ಆನ್‌ಲೈನ್ ಸಂಗ್ರಹ, ಮಾಡಿಟ್ಟುಕೋ ಎಂದು ಇನ್‌ಸ್ಟ್ರಕ್ಟರ್ ಹೇಳಿದ್ದಾರೆ. ಫೋನಿನಲ್ಲಿ ನೂರಾರು ಫೋಟೋ ಇವೆ. ಅವನ್ನೆಲ್ಲ ಒಂದು ಫೋಲ್ಡರ್‌ಗೆ ಹಾಕಿ ಲಿಂಕ್ ಕಳಿಸಿದರೆ ಸಾಲದೇ?

ಉತ್ತರ: ಸಾಲದು. ಕೆಲಸಕ್ಕೆ ತೆಗೆದುಕೊಳ್ಳುವ ಸೂಪರ್‌ವೈಸರ್‌ಗೆ ನೂರು ಫೋಟೋ ನೋಡುವಷ್ಟು ಹೊತ್ತಿರುವುದಿಲ್ಲ. ಬಣ್ಣ ಬಳಿದು ಮುಗಿಸಿದ ಗೇಟು, ಗ್ರಿಲ್‌ಗಳ ಚಿತ್ರದಿಂದ ಅವರಿಗೆ ತಿಳಿಯುವುದೂ ಕಡಿಮೆ, ಏಕೆಂದರೆ ಜಾಯಿಂಟ್ ಬಣ್ಣದ ಕೆಳಗೆ ಮುಚ್ಚಿಹೋಗಿರುತ್ತದೆ. ಯಾವ ಪ್ಲೇಟು, ಯಾವ ಪೊಸಿಷನ್, ಎಷ್ಟು ಕರೆಂಟು, ತಪ್ಪಿದಾಗ ಏನು ಮಾಡಿದಿರಿ ಎಂಬುದು ಅವರಿಗೆ ಬೇಕು. ಆರೇಳು ಜಾಬ್ (ನೀವು ಬೆಸುಗೆ ಹಾಕಿದ ತುಂಡು) ಆರಿಸಿ, ಒಂದೊಂದನ್ನೂ ಪೂರ್ತಿಯಾಗಿ ತೋರಿಸಿ.

ಪೂರ್ತಿ ಎಂದರೆ ಹೇಗೆ? 10 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟಿನ ವಿ-ಬಟ್ ಜಾಯಿಂಟನ್ನು (ಅಂಚುಗಳನ್ನು ವಿ ಆಕಾರಕ್ಕೆ ಕೊರೆದು ಎದುರುಬದುರು ಸೇರಿಸುವುದು) 3ಜಿ ಪೊಸಿಷನ್‌ನಲ್ಲಿ, ಅಂದರೆ ಪ್ಲೇಟ್ ನೆಟ್ಟಗೆ ನಿಲ್ಲಿಸಿ ಕೆಳಗಿನಿಂದ ಮೇಲಕ್ಕೆ ಹಾಕಿದ್ದೀರಿ ಎಂದುಕೊಳ್ಳಿ. ಇದಕ್ಕೆ ನಾಲ್ಕು ಚಿತ್ರ ಬೇಕು. ಮೊದಲನೆಯದು, ಅಂಚು ಕೊರೆದು ಟ್ಯಾಕ್ ಮಾಡಿದ (ಅಲ್ಲಲ್ಲಿ ಚಿಕ್ಕ ಬೆಸುಗೆ ಹಾಕಿ ನಿಲ್ಲಿಸಿದ) ಮೇಲೆ ರೂಟ್ ಗ್ಯಾಪ್, ಅಂದರೆ ಎರಡು ಪ್ಲೇಟಿನ ತಳದ ನಡುವಿನ ಸಂದು, ಕಾಣುವಂತೆ. ಎರಡನೆಯದು ರೂಟ್ ರನ್ (ತಳದ ಮೊದಲ ಬೆಸುಗೆ) ಆದಮೇಲೆ, ಮೂರನೆಯದು ಕ್ಯಾಪ್ (ಮೇಲಿನ ಕೊನೆಯ ಪದರ) ಮುಗಿದ ಮೇಲೆ. ನಾಲ್ಕನೆಯದು ಹಿಂಬದಿಯಿಂದ. ಬಹಳ ಮಂದಿ ಇದನ್ನೇ ಬಿಡುತ್ತಾರೆ. ರೂಟ್ ಒಳಗೆ ಇಳಿದಿದೆಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುವುದು. ಚಿತ್ರದ ಕೆಳಗೆ ಎರಡು ಸಾಲು ಸಾಕು: "60 ಡಿಗ್ರಿ ವಿ, ಗ್ಯಾಪ್ 2.5 ಮಿ.ಮೀ., ಇ6013 ರಾಡ್, 3.15 ಮಿ.ಮೀ., 95 ಆಂಪಿಯರ್." ನೀವು ನಿಜವಾಗಿ ಇಟ್ಟ ಅಂಕಿಯನ್ನೇ ಬರೆಯಿರಿ. ಪುಸ್ತಕದಿಂದ ಎತ್ತಿದ ಅಂಕಿಯಾದರೆ ಸಂದರ್ಶನದ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಕೆಟ್ಟುಹೋದ ಒಂದು ಜಾಬ್ ಕೂಡ ಸೇರಿಸಿ. ಇದಕ್ಕೆ ಹಿಂಜರಿಯಬೇಡಿ, ಪೋರ್ಟ್‌ಫೋಲಿಯೋದ ಜೀವ ಇರುವುದೇ ಇಲ್ಲಿ. ಅಂಡರ್‌ಕಟ್ ಉದಾಹರಣೆ ತೆಗೆದುಕೊಳ್ಳಿ: ಬೀಡ್‌ನ (ಬೆಸುಗೆ ಪಟ್ಟಿಯ) ಅಂಚಿನುದ್ದಕ್ಕೂ ಸಣ್ಣ ಕಾಲುವೆಯಂಥ ಗೆರೆ, ತಣ್ಣಗಾದ ಮೇಲೆ ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಹೆಚ್ಚಾಗಿದ್ದಾಗ, ಆರ್ಕ್ ಉದ್ದವಾದಾಗ, ರಾಡನ್ನು ಅಡ್ಡಡ್ಡ ಆಡಿಸುವಾಗ ಅಂಚಿನಲ್ಲಿ ನಿಲ್ಲದೆ ಓಡಿದಾಗ ಇದು ಬರುತ್ತದೆ. ಆ ತುಂಡಿನ ಚಿತ್ರ, ಪಕ್ಕದಲ್ಲಿ ಸರಿಪಡಿಸಿದ ತುಂಡಿನ ಚಿತ್ರ, ಕೆಳಗೆ "ಕರೆಂಟ್ 110ರಿಂದ 95 ಆಂಪಿಯರ್‌ಗೆ ಇಳಿಸಿದೆ, ಎರಡೂ ಅಂಚಿನಲ್ಲಿ ಒಂದು ಕ್ಷಣ ನಿಲ್ಲಿಸಿದೆ" ಎಂಬ ಸಾಲು. ಇಷ್ಟು ಕಂಡರೆ ನಿಮಗೆ ಕೆಲಸ ಅರ್ಥವಾಗಿದೆ ಎಂದು ಅನುಭವಸ್ಥರಿಗೆ ತಿಳಿಯುತ್ತದೆ. ಕನ್ನಡದಲ್ಲೇ ಬರೆಯಿರಿ, ಹೊರರಾಜ್ಯಕ್ಕೋ ಕೊಲ್ಲಿಗೋ ಅರ್ಜಿ ಹಾಕುವಾಗ ಇಂಗ್ಲಿಷ್ ಸಾಲು ಸೇರಿಸಿದರಾಯಿತು.

ಫೋಟೋ ತೆಗೆಯುವ ಮುಂಚೆ ಸ್ಲ್ಯಾಗ್ (ಬೆಸುಗೆಯ ಮೇಲೆ ಗಟ್ಟಿಯಾಗುವ ಚಕ್ಕೆ) ಒಡೆದು ವೈರ್ ಬ್ರಷ್ ಹಾಕಿ. ಬೆಳಕು ಪಕ್ಕದಿಂದ ಬೀಳಲಿ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಬೀಡ್‌ನ ಅಲೆಗಳು ಅಳಿಸಿಹೋಗಿ ಬರೀ ಹೊಳಪು ಉಳಿಯುತ್ತದೆ. ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಡಿ. ಉರಿಯುತ್ತಿರುವ ಆರ್ಕ್‌ಗೆ ಫೋನ್ ಹಿಡಿಯಬೇಡಿ: ಚಿತ್ರದಲ್ಲಿ ಬಿಳಿ ಚುಕ್ಕೆ ಬಿಟ್ಟು ಏನೂ ಬರುವುದಿಲ್ಲ, ತೆಗೆಯುವವರ ಕಣ್ಣಿಗೂ ಅಪಾಯ.

ವಾಟ್ಸಾಪ್‌ನಲ್ಲಿ ಫೋಟೋ ಎಂದೇ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಫೋನಿನಿಂದ ನೇರವಾಗಿ ಡ್ರೈವ್‌ಗೆ ಏರಿಸಿ. ಗೂಗಲ್ ಖಾತೆಯಲ್ಲಿ 15 ಜಿಬಿ ಉಚಿತ. ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಅಷ್ಟೇ. ಆರೇಳು ಜಾಬ್‌ಗೆ ಧಾರಾಳ. ಗೂಗಲ್ ಸೈಟ್ಸ್‌ನಲ್ಲಿ ಜಾಬ್‌ಗೊಂದು ಪುಟ ಮಾಡಬಹುದು, ದುಡ್ಡು ಬೇಕಿಲ್ಲ. ಆದರೆ ಸಂಸ್ಥೆ ಕೊಟ್ಟ ಮೇಲ್ ಐಡಿಯಲ್ಲಿ ಮಾಡಬೇಡಿ, ಓದು ಮುಗಿದ ಮೇಲೆ ಅದನ್ನು ಮುಚ್ಚಿದರೆ ಎಲ್ಲವೂ ಹೋಯಿತು. ಸ್ವಂತ ಖಾತೆಯಲ್ಲಿ ಮಾಡಿ, ಲಿಂಕ್ ಇರುವ ಯಾರಾದರೂ ನೋಡಬಹುದು ಆದರೆ ತಿದ್ದಲಾಗದು ಎಂಬ ಸೆಟ್ಟಿಂಗ್ ಇಡಿ, ಬೇರೆ ಫೋನಿನಲ್ಲಿ ತೆರೆದು ನೋಡಿ. ಒಂದು ಪಿಡಿಎಫ್ ಪ್ರತಿಯೂ ಕೈಲಿರಲಿ, ಎಷ್ಟೋ ಶೆಡ್‌ಗಳ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ.

ಆಧಾರ್, ಮನೆ ವಿಳಾಸ, ಅಂಕಪಟ್ಟಿಯ ಫೋಟೋಗಳನ್ನು ತೆರೆದ ಲಿಂಕ್‌ನಲ್ಲಿ ಹಾಕಬೇಡಿ. ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿರಲಿ, ಕೇಳಿದಾಗ ತೋರಿಸಿ. ಅಪ್ರೆಂಟಿಸ್ ಆಗಿರುವ ಕಾರ್ಖಾನೆಯಲ್ಲಿ ಡ್ರಾಯಿಂಗ್, ಗ್ರಾಹಕರ ಬಿಡಿಭಾಗ, ಮೆಷಿನ್ ಲೈನ್ ಇವುಗಳ ಚಿತ್ರ ಅನುಮತಿಯಿಲ್ಲದೆ ತೆಗೆಯಲೇಬಾರದು. ಅನುಮತಿ ಸಿಗದಿದ್ದರೆ ಅದೇ ಜಾಯಿಂಟನ್ನು ಸ್ಕ್ರ್ಯಾಪ್ ತುಂಡಿನ ಮೇಲೆ ಹಾಕಿ ತೋರಿಸಿ, ಅದಕ್ಕೆ ಬೆಲೆಯೇನೂ ಕಡಿಮೆಯಿಲ್ಲ.

ಇಷ್ಟೆಲ್ಲ ಮಾಡಿದರೂ ಕಂಪನಿ ನಿಮ್ಮ ಕೈಯಲ್ಲಿ ಟೆಸ್ಟ್ ಪ್ಲೇಟ್ ಹಾಕಿಸಿಯೇ ಹಾಕಿಸುತ್ತದೆ. ಆ ಟೆಸ್ಟ್‌ಗೆ ಕರೆ ಬರುವಂತೆ ಮಾಡುವುದಷ್ಟೇ ಪೋರ್ಟ್‌ಫೋಲಿಯೋದ ಕೆಲಸ.

ಕೆಲಸ ಸಿಕ್ಕ ಮೇಲೂ ಅದನ್ನು ಮುಚ್ಚಿಡಬೇಡಿ. ಪ್ರೆಷರ್ ವೆಸಲ್, ಪೈಪಿಂಗ್ ಕೆಲಸದಲ್ಲಿ ಬಳಸುವ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ) ನಿಯಮಾವಳಿಯ ಸೆಕ್ಷನ್ 9ರ ಪ್ರಕಾರ ವೆಲ್ಡರ್ ಒಂದು ಪ್ರಕ್ರಿಯೆಯಲ್ಲಿ (ವೆಲ್ಡಿಂಗ್ ವಿಧಾನದಲ್ಲಿ) 6 ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಆ ಪ್ರಕ್ರಿಯೆಯ ಅರ್ಹತೆ ರದ್ದಾಗುತ್ತದೆ. ಕೈ ಪಳಗಿದ್ದರೂ ಲೆಕ್ಕ ಇಡದ ಕಾರಣಕ್ಕೆ ಮತ್ತೆ ಟೆಸ್ಟ್ ಕೊಡಬೇಕಾಗಿ ಬರುವುದು ನಿಜಕ್ಕೂ ಬೇಸರದ ಸಂಗತಿ. ಆದ್ದರಿಂದ ಪೋರ್ಟ್‌ಫೋಲಿಯೋದಲ್ಲೇ ಒಂದು ಪಟ್ಟಿ ಇಡಿ: ದಿನಾಂಕ, ಪ್ರಕ್ರಿಯೆ, ಪೊಸಿಷನ್, ಪ್ಲೇಟಿನ ದಪ್ಪ. ಪ್ರತಿ ತಿಂಗಳ ಕೊನೆಗೆ ಅದನ್ನು ಪ್ರಿಂಟ್ ತೆಗೆದು ಸೂಪರ್‌ವೈಸರ್ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಅದೇ ಪುಟಕ್ಕೆ ಸೇರಿಸಿ.