ಜೋಡಿಪುಟದ ವಿನ್ಯಾಸ: ಚಿತ್ರವನ್ನು ನಡುಮಡಿಕೆಯ ಮೇಲೆ ಹಾಯಿಸಬಹುದೇ?

ಪ್ರಶ್ನೆ: ವಿರಾಜಪೇಟೆಯಲ್ಲಿ ಪದವಿ ಓದುತ್ತಿದ್ದೇನೆ, ಪತ್ರಿಕೋದ್ಯಮ ನನ್ನ ಐಚ್ಛಿಕ ವಿಷಯ. ಪ್ರಾಜೆಕ್ಟ್‌ಗಾಗಿ ನಾವು ಗೆಳತಿಯರು ಸೇರಿ 16 ಪುಟಗಳ ನಿಯತಕಾಲಿಕೆಯೊಂದನ್ನು ರೂಪಿಸುತ್ತಿದ್ದೇವೆ. ಕಾಫಿ ಹೂವಿನ ಕುರಿತ ನನ್ನ ಲೇಖನಕ್ಕೆ ಎದುರುಬದುರಿನ ಎರಡು ಪುಟಗಳು ಸಿಕ್ಕಿವೆ. ಒಂದು ದೊಡ್ಡ ಚಿತ್ರವನ್ನು ಎರಡೂ ಪುಟಗಳಿಗೆ ಹಾಯಿಸಿ ಬಳಸಬಹುದೇ? ಹಾಗೆ ಮಾಡಿದರೆ ಬರಹಕ್ಕೆ ಜಾಗ ಉಳಿಯುತ್ತದೆಯೇ?

ಉತ್ತರ: ಹಾಯಿಸಬಹುದು, ಜಾಗವೂ ಉಳಿಯುತ್ತದೆ. ಆದರೆ ಆ ತೀರ್ಮಾನವನ್ನು ಕಂಪ್ಯೂಟರಿನ ಮುಂದೆ ಕೂರುವ ಮೊದಲೇ, ನಿಮ್ಮ ಲೇಖನ ಯಾವ ಪುಟಸಂಖ್ಯೆಗಳಲ್ಲಿ ಬರುತ್ತದೆ ಎಂಬುದನ್ನು ಖಚಿತಪಡಿಸಿಕೊಂಡು ಕೈಗೊಳ್ಳಬೇಕು. ಜೋಡಿಪುಟವು ಓದುವವರ ಕಣ್ಣಿಗೆ ಒಂದೇ ಹರವಾಗಿ ಕಂಡರೂ ಅಚ್ಚಿನ ಮನೆಯಲ್ಲಿ ಅದು ಬಹುಮಟ್ಟಿಗೆ ಎರಡು ಬೇರೆ ಬೇರೆ ಹಾಳೆಗಳ ಮೇಲಿರುತ್ತದೆ.

ಎ4 ಅಳತೆಯ 16 ಪುಟಗಳ ಪತ್ರಿಕೆಯೆಂದರೆ ನಾಲ್ಕು ಎ3 ಹಾಳೆಗಳನ್ನು ಒಂದರೊಳಗೊಂದಿಟ್ಟು ಮಡಚಿ, ಮಡಿಕೆಯ ಮೇಲೆ ಪಿನ್ ಹೊಡೆದದ್ದು. ಹೀಗೆ ಮಡಚಿದಾಗ 8 ಮತ್ತು 9ನೇ ಪುಟಗಳು ಮಾತ್ರ ಒಂದೇ ಹಾಳೆಯ ಒಂದೇ ಬದಿಯಲ್ಲಿ ಒಟ್ಟಿಗೆ ಬರುತ್ತವೆ. 6 ಮತ್ತು 7ನೇ ಪುಟಗಳನ್ನು ತೆಗೆದುಕೊಂಡರೆ, 6ನೆಯದು 11ನೇ ಪುಟದ ಜೊತೆಗೂ 7ನೆಯದು 10ನೇ ಪುಟದ ಜೊತೆಗೂ ಅಚ್ಚಾಗುತ್ತದೆ. ಎರಡು ಹಾಳೆಗಳ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸವಾದರೂ, ಮಡಚುವಾಗ ಒಂದೆರಡು ಮಿಲಿಮೀಟರ್ ಸರಿದರೂ, ಎಡಪುಟದ ಕೊಂಬೆ ಬಲಪುಟದಲ್ಲಿ ಮುಂದುವರಿಯದೆ ಮುರಿದಂತೆ ಕಾಣುತ್ತದೆ. ಆದ್ದರಿಂದ ನಿಮಗೆ ನಡುಪುಟ ಸಿಕ್ಕಿದ್ದರೆ ಚಿತ್ರವನ್ನು ಧೈರ್ಯವಾಗಿ ಹಾಯಿಸಿ. ಬೇರೆ ಪುಟಗಳಾದರೆ ಎಡಪುಟವನ್ನು ಪೂರ್ತಿಯಾಗಿ ಚಿತ್ರಕ್ಕೆ ಬಿಟ್ಟು, ಬರಹವನ್ನು ಬಲಪುಟದಲ್ಲಿ ಕೂರಿಸುವುದೇ ಮೇಲು. ನಡುಪುಟವನ್ನು ನಿಮಗೆ ಬಿಟ್ಟುಕೊಡುವಂತೆ ಗೆಳತಿಯರನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಾಫಿ ಹೂವಿನಂಥ ವಿಷಯಕ್ಕೆ ಆ ಹರವು ಸಲ್ಲುತ್ತದೆ.

ಚಿತ್ರದ ಆಯ್ಕೆಯಲ್ಲಿ ಹೆಚ್ಚಿನ ಸಮಯ ಕಳೆಯಬೇಕು. ಹೂಮಳೆ, ಅಂದರೆ ಕಾಫಿ ಮೊಗ್ಗುಗಳನ್ನು ಅರಳಿಸುವ ಮಳೆ, ಬಿದ್ದು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಒಮ್ಮೆಗೇ ಬೆಳ್ಳಗಾಗಿ, ಕೆಲವೇ ದಿನಗಳಲ್ಲಿ ಹೂ ಬಾಡಿಹೋಗುವುದರಿಂದ, ವಿದ್ಯಾರ್ಥಿಗಳು ಸಿಕ್ಕಿದ್ದನ್ನೆಲ್ಲ ತೆಗೆದು ಕೊನೆಗೆ ಹನ್ನೆರಡು ಚಿತ್ರಗಳನ್ನು ಪುಟದ ತುಂಬ ಸಮಗಾತ್ರದಲ್ಲಿ ಹರಡುತ್ತಾರೆ. ಆಗ ಯಾವ ಚಿತ್ರವೂ ಮಾತನಾಡುವುದಿಲ್ಲ. ಒಂದನ್ನು ದೊಡ್ಡದಾಗಿ ಬಳಸಿ, ಅದಕ್ಕೆ ಪೂರಕವಾಗಿ ಒಂದೋ ಎರಡೋ ಸಣ್ಣ ಚಿತ್ರಗಳನ್ನಿಡಿ. ದೊಡ್ಡ ಚಿತ್ರ ಇಳಿಜಾರಿನ ಗಿಡಗಳ ಸಾಲನ್ನು ತೋರಿಸಿದರೆ, ಸಣ್ಣದು ಹೂವಿನ ಮೇಲಿನ ಜೇನ್ನೊಣವನ್ನು ತೋರಿಸಲಿ. ರೋಬಸ್ಟಾ ಕಾಫಿಯಲ್ಲಿ ಕಾಯಿ ಕಟ್ಟಲು ಪರಕೀಯ ಪರಾಗಸ್ಪರ್ಶ, ಅಂದರೆ ಬೇರೆ ಗಿಡದ ಪರಾಗ, ಬೇಕೇ ಬೇಕಾದ್ದರಿಂದ ಆ ನೊಣ ಅಲಂಕಾರಕ್ಕಾಗಿ ಬಂದದ್ದಲ್ಲ, ನಿಮ್ಮ ಲೇಖನದ ತಿರುಳೇ ಅದು. ದೊಡ್ಡ ಚಿತ್ರದ ಅಂಚುಗಳಲ್ಲಿ ಕಡುಹಸಿರು ಎಲೆಗಳಿರುವಂತೆ ನೋಡಿಕೊಳ್ಳಿ, ಏಕೆಂದರೆ ಬಿಳಿ ಹೂವು ಅಂಚಿಗೆ ಬಂದರೆ ಬಿಳಿ ಕಾಗದದಲ್ಲಿ ಕರಗಿಹೋಗುತ್ತದೆ. ನಡುಮಡಿಕೆಯ ಎರಡೂ ಬದಿಗೆ ಸುಮಾರು 10 ಮಿಲಿಮೀಟರ್ ಜಾಗದಲ್ಲಿ ಮುಖ, ಕೈ, ಜೇನ್ನೊಣ ಮುಂತಾದ ಯಾವ ಮುಖ್ಯ ಭಾಗವೂ ಬೀಳಬಾರದು. ಎಲೆ ಅಥವಾ ಆಕಾಶ ಬಿದ್ದರೆ ನಷ್ಟವಿಲ್ಲ. ತೋಟದ ಕಾರ್ಮಿಕರ ಚಿತ್ರವಾದರೆ ಅವರ ಒಪ್ಪಿಗೆ ಪಡೆದೇ ಬಳಸಬೇಕು.

ಅಳತೆಯ ವಿಷಯ. ಎ4 ಪುಟ 210 ಗುಣಿಸು 297 ಮಿಲಿಮೀಟರ್, ಜೋಡಿಪುಟ 420 ಗುಣಿಸು 297. ಚಿತ್ರ ಅಂಚಿನವರೆಗೂ ಬರಬೇಕಾದರೆ ಕತ್ತರಿಸುವಾಗ ಬಿಳಿ ಗೆರೆ ಉಳಿಯದಂತೆ ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಆಮೇಲೆ ಕತ್ತರಿಸಿ ತೆಗೆಯುವ ಹೆಚ್ಚುವರಿ ಅಂಚು) ಸೇರಿಸಿ ಕಡತವನ್ನು 426 ಗುಣಿಸು 303ಕ್ಕೆ ಸಿದ್ಧಪಡಿಸಬೇಕು. ಇಷ್ಟು ಅಗಲದ ಚಿತ್ರಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 5030 ಪಿಕ್ಸೆಲ್ ಅಗಲ ಬೇಕು. 12 ಮೆಗಾಪಿಕ್ಸೆಲ್ ಮೊಬೈಲಿನ ಚಿತ್ರದಲ್ಲಿ ಇರುವುದು 4000. ಅಂದರೆ ಇಂಚಿಗೆ ಸುಮಾರು 240, ವಿದ್ಯಾರ್ಥಿ ಪತ್ರಿಕೆಗೆ ಇದು ಸಾಕು. ಆದರೆ ಅದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಗಾತ್ರ ಕುಗ್ಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವೇ ಕೇಬಲ್ ಹಾಕಿ ನೇರವಾಗಿ ನಕಲಿಸಿಕೊಳ್ಳಿ.

ಬರಹಕ್ಕೆ ಉಳಿಯುವ ಜಾಗವನ್ನು ಈಗ ಲೆಕ್ಕ ಹಾಕೋಣ. ಚಿತ್ರವನ್ನು ಎರಡೂ ಪುಟಗಳ ಮೇಲ್ಭಾಗದ 180 ಮಿಲಿಮೀಟರ್ ಎತ್ತರಕ್ಕೆ ಸೀಮಿತಗೊಳಿಸಿ, ತಲೆಬರಹವನ್ನು ಚಿತ್ರದ ಮೇಲೆಯೇ ಕೂರಿಸಿದರೆ, ಕೆಳಗೆ ಮಾರ್ಜಿನ್ ಬಿಟ್ಟು ಸುಮಾರು 90 ಮಿಲಿಮೀಟರ್ ಎತ್ತರ ಉಳಿಯುತ್ತದೆ. ಪ್ರತಿ ಪುಟಕ್ಕೆ 85 ಮಿಲಿಮೀಟರ್ ಅಗಲದ ಎರಡು ಕಾಲಂ, 10.5 ಪಾಯಿಂಟ್ ಅಕ್ಷರ, 15 ಪಾಯಿಂಟ್ ಸಾಲಂತರ ಎಂದಿಟ್ಟುಕೊಂಡರೆ ಕಾಲಂಗೆ 17 ಸಾಲು, ಸಾಲಿಗೆ ಐದಾರು ಪದ. ಒಟ್ಟು 350ರಿಂದ 400 ಪದಗಳ ಲೇಖನ ಹಿಡಿಯುತ್ತದೆ. ಎಡಪುಟವನ್ನು ಚಿತ್ರಕ್ಕೆ ಬಿಟ್ಟು ಬಲಪುಟದ ಮೇಲಿನ ಮೂರನೇ ಒಂದು ಭಾಗವನ್ನು ತಲೆಬರಹ ಮತ್ತು ಇಂಟ್ರೋಗೆ ಕೊಟ್ಟರೂ ಹೆಚ್ಚುಕಡಿಮೆ ಇಷ್ಟೇ ಪದಗಳು ಹಿಡಿಯುತ್ತವೆ. ನಿಮ್ಮ ಲೇಖನ 800 ಪದಗಳಿದ್ದರೆ ಅಕ್ಷರವನ್ನು ಕಿರಿದುಗೊಳಿಸಬೇಡಿ, ಲೇಖನವನ್ನು ಕಿರಿದುಗೊಳಿಸಿ.

ಎರಡೇ ಕಾಲಂ ಏಕೆ ಎಂದು ನೀವು ಕೇಳಬಹುದು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ವಿನ್ಯಾಸಗಳು ಹೆಚ್ಚಾಗಿ ಇಂಗ್ಲಿಷಿಗೆ ಹೊಂದುವಂತೆ ಪುಟಕ್ಕೆ ಮೂರು ಕಾಲಂ ಇಟ್ಟುಕೊಂಡಿರುತ್ತವೆ. ಕನ್ನಡದ ಪದಗಳು ವಿಭಕ್ತಿ ಪ್ರತ್ಯಯಗಳನ್ನೂ ಸಂಧಿಯನ್ನೂ ಹೊತ್ತು ಉದ್ದವಾಗುವುದರಿಂದ 55 ಮಿಲಿಮೀಟರ್ ಅಗಲದ ಕಾಲಂನಲ್ಲಿ ಸಾಲಿಗೆ ಮೂರು ನಾಲ್ಕು ಪದಗಳಷ್ಟೇ ಕೂರುತ್ತವೆ. ಎರಡೂ ಅಂಚುಗಳನ್ನು ಸಮ ಮಾಡಲು ಹೊರಟರೆ ಪದಗಳ ನಡುವೆ ದೊಡ್ಡ ಕಂದಕಗಳು ಬೀಳುತ್ತವೆ. ಮೂರು ಕಾಲಂ ಬೇಕೇ ಬೇಕೆಂದರೆ ಎಡ ಅಂಚನ್ನು ಮಾತ್ರ ಸಮ ಮಾಡಿ, ಬಲವನ್ನು ಹಾಗೆಯೇ ಬಿಡಿ. ಸಾಲಂತರದ ವಿಷಯದಲ್ಲೂ ಆ ಸಿದ್ಧ ವಿನ್ಯಾಸಗಳನ್ನು ನಂಬಬಾರದು. ನಮ್ಮ ಲಿಪಿಯಲ್ಲಿ ಗುಡಿಸು ಮೇಲಕ್ಕೆ ಏರುತ್ತದೆ, ಒತ್ತು ಕೆಳಕ್ಕೆ ಇಳಿಯುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಆದ್ದರಿಂದಲೇ ಅಕ್ಷರದ ಗಾತ್ರದ ಒಂದೂವರೆಯಷ್ಟು ಅಂತರ ಕೊಡಬೇಕೆಂಬುದು ನನ್ನ ಒತ್ತಾಯ.

ತಲೆಬರಹದಲ್ಲಿ ಈ ತೊಂದರೆ ಇನ್ನೂ ಎದ್ದು ಕಾಣುತ್ತದೆ. ‘ಪುಷ್ಪವೃಷ್ಟಿ’ ಎಂದು 60 ಪಾಯಿಂಟಿನಲ್ಲಿ ಬರೆದರೆ ಒತ್ತುಗಳು ಅದರ ಕೆಳಗಿನ ಸಾಲಿನೊಳಗೇ ಇಳಿಯುತ್ತವೆ. ‘ಹೂಮಳೆಯ ಎಂಟನೇ ಬೆಳಗು’ ಎಂಬಂಥ, ಒತ್ತುಗಳಿಲ್ಲದ ತಲೆಬರಹ ದೊಡ್ಡ ಗಾತ್ರದಲ್ಲಿ ನಿರಾಳವಾಗಿ ನಿಲ್ಲುತ್ತದೆ. ಅದು ಎರಡೂ ಪುಟಗಳಿಗೆ ಹಾಯುವುದಾದರೆ ಮಡಿಕೆ ಎರಡು ಪದಗಳ ನಡುವೆಯೇ ಬೀಳಬೇಕು, ಆ ಅಂತರವನ್ನು ಎಂದಿನದಕ್ಕಿಂತ ಹಿಗ್ಗಿಸಬೇಕು. ಎಲೆಗಳ ಕಡುಹಸಿರಿನ ಮೇಲೆ ಬಿಳಿ ಅಕ್ಷರ ಇಡುವಾಗ ದಪ್ಪ ಫಾಂಟ್ ಬಳಸಿ. ತೆಳುವಾದ ಗೆರೆಗಳು ಶಾಯಿಯಲ್ಲಿ ಮುಚ್ಚಿಹೋಗುತ್ತವೆ. ಮಡಿಕೇರಿ ದಸರಾದ ದಶಮಂಟಪಗಳಂಥ ರಾತ್ರಿಯ ಚಿತ್ರಗಳನ್ನು ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ. ಅಕ್ಷರಗಳನ್ನು ಕೃತಕವಾಗಿ ವಾಲಿಸಿ ಇಟಾಲಿಕ್ ಮಾಡುವುದು ಕನ್ನಡಕ್ಕೆ ಒಗ್ಗುವುದಿಲ್ಲ. ಒಂದು ಪದ ಎದ್ದು ಕಾಣಬೇಕಾದಲ್ಲಿ ದಪ್ಪ ಅಕ್ಷರವೋ ಬಣ್ಣವೋ ಸಾಕು.

ಪ್ರತಿ ಚಿತ್ರಕ್ಕೂ ಅಡಿಬರಹ ಕೊಡಿ, ಊರು ಮತ್ತು ತಿಂಗಳನ್ನು ಅದರಲ್ಲಿ ನಮೂದಿಸಿ. ಹೂಮಳೆ, ಅದರ ನಂತರ ಬೀಳಬೇಕಾದ ಬ್ಯಾಕಿಂಗ್ ಮಳೆ, ಕಾಯಿ ಕಟ್ಟುವ ಹಂತ, ಕೊಯ್ಲು ಇವುಗಳನ್ನು ಒಂದು ಸಣ್ಣ ಬಾಕ್ಸ್‌ನಲ್ಲಿ ಕೊಟ್ಟರೆ ಮುಖ್ಯ ಬರಹ ಹಗುರಾಗುತ್ತದೆ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ ಆ ಮಾಹಿತಿಯನ್ನು ಖಚಿತಪಡಿಸಿಕೊಳ್ಳಬಹುದು.

ತಂತ್ರಾಂಶದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ನುಡಿ ತಂತ್ರಾಂಶದ ಹಳೆಯ, ಯುನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಬರಹವನ್ನು ನೋಟೊ ಸೆರಿಫ್ ಕನ್ನಡದಂಥ ಯುನಿಕೋಡ್ ಫಾಂಟಿಗೆ ಬದಲಾಯಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡದ ಒತ್ತಕ್ಷರಗಳು ಚದುರಿ ಕಂಡರೆ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಉಚಿತವಾಗಿ ಸಿಗುವ ಸ್ಕ್ರೈಬಸ್ ಬಳಸುವುದಾದರೆ 1.5.3 ಅಥವಾ ಅದರ ನಂತರದ ಆವೃತ್ತಿ ಇರಲಿ. ಹಿಂದಿನವು ಕನ್ನಡವನ್ನು ಸರಿಯಾಗಿ ಜೋಡಿಸುವುದಿಲ್ಲ.

ಅಂತಿಮ ಪ್ರತಿಯನ್ನು ಕಾಲೇಜಿನ ಎ3 ಪ್ರಿಂಟರಿನಲ್ಲಿ ತೆಗೆದರೆ ಸುತ್ತಲೂ ಬಿಳಿ ಅಂಚು ಉಳಿಯುತ್ತದೆ, ಏಕೆಂದರೆ ಸಾಮಾನ್ಯ ಪ್ರಿಂಟರುಗಳು ಹಾಳೆಯ ತುದಿಯವರೆಗೆ ಮುದ್ರಿಸುವುದಿಲ್ಲ. ಡಿಜಿಟಲ್ ಮುದ್ರಣಾಲಯದಲ್ಲಿ 13 ಗುಣಿಸು 19 ಇಂಚಿನ ಹಾಳೆಯ ಮೇಲೆ, ಕತ್ತರಿಸುವ ಗುರುತುಗಳ ಸಮೇತ ಮುದ್ರಿಸಿ ಅಂಚನ್ನು ಕತ್ತರಿಸಿಕೊಡಲು ಹೇಳಿ. ಅದಕ್ಕೂ ಮುನ್ನ ಒಂದು ಕಪ್ಪುಬಿಳುಪು ಪ್ರತಿಯನ್ನು ಪೂರ್ಣ ಅಳತೆಯಲ್ಲಿ ತೆಗೆದು, ನಡುವೆ ಮಡಚಿ, ಕೈಯಲ್ಲಿ ಹಿಡಿದು ಓದಿ ನೋಡಿ: ಪರದೆಯ ಮೇಲೆ ಸರಿಯೆನಿಸಿದ ಅಕ್ಷರದ ಗಾತ್ರವೂ ಮಡಿಕೆಯ ಹತ್ತಿರದ ಮಾರ್ಜಿನ್ನೂ ಕಾಗದದ ಮೇಲೆ ಸಾಲುತ್ತದೆಯೇ ಎಂಬುದು ಆಗ ತಿಳಿಯುತ್ತದೆ, ತಿದ್ದಲು ಸಮಯವೂ ಇರುತ್ತದೆ.