ಕೊಡಲಿಗೆ ನೀರು ಕುಡಿಸ್ಬೇಡಿ

ಮೊನ್ನೆ ಒಬ್ಬರು ಬಕೆಟ್ ಹಿಡ್ಕೊಂಡು ಬಂದ್ರು. ಒಳಗೆ ನೀರು, ನೀರಲ್ಲಿ ತಲೆಕೆಳಗಾಗಿ ಅವರ ತಾತನ ಕಾಲದ ಕೊಡಲಿ. "ತಲೆ ಅಲ್ಲಾಡ್ತಿತ್ತು ಸಾರ್, ರಾತ್ರಿಯೆಲ್ಲ ನೆನೆಸಿದೆ, ಈಗ ಕಲ್ಲಿನ ಹಾಗೆ ಕೂತಿದೆ, ನೀವು ಬರೀ ಹರಿತ ಮಾಡ್ಕೊಡಿ ಸಾಕು" ಅಂದ್ರು, ಮುಖದಲ್ಲಿ ಪರೀಕ್ಷೇಲಿ ಫಸ್ಟ್ ಬಂದ ಹುಡುಗನ ಕಳೆ. ಇಂಥವ್ರ ಮೇಲೆ ಸಿಟ್ಟು ಬರಲ್ವಾ ಅಂದ್ರೆ ಬರತ್ತೆ, ಆದ್ರೆ ಗುಜರಿಗೆ ಹಾಕದೆ ಇಷ್ಟು ವರ್ಷ ಇಟ್ಕೊಂಡಿದಾರಲ್ಲ ಅಂತ ನುಂಗ್ಕೋತೀನಿ.

ತುಕ್ಕು ತೆಗೆಯೋದು, ಅರ ಹಾಕೋದು ಇದೆಲ್ಲ ಇಲ್ಲಿ ಬರೆಯಲ್ಲ. ಕಾವು, ಅಂದ್ರೆ ಮರದ ಹಿಡಿ, ಬಿಚ್ಚಿದ ಬರೀ ತಲೇನ ಒಂದು ದಿನ ವಿನೆಗರ್‌ನಲ್ಲಿ ಇಟ್ಟು, ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಒರೆಸಿ ತಕ್ಷಣ ಎಣ್ಣೆ ಸವರಿದ್ರೆ ಮುಕ್ಕಾಲು ಕೆಲಸ ಮುಗೀತು. ನನಗೆ ಹೇಳ್ಬೇಕಿರೋದು ಆ ಬಕೆಟ್ ವಿಷಯ.

ಮರ ನೀರು ಕುಡಿದ್ರೆ ಉಬ್ಬತ್ತೆ, ಇದು ಎಲ್ಲರಿಗೂ ಗೊತ್ತು, ಗೊತ್ತಿರೋದೇ ತೊಂದ್ರೆ. ಯಾಕಂದ್ರೆ ಕಾವಿನ ತುದಿ ಕೂತಿರೋದು ಕಬ್ಬಿಣದ ತಲೇಲಿರೋ ತೂತಿನೊಳಗೆ, ಅದಕ್ಕೆ ಕಣ್ಣು ಅಂತಾರೆ. ಮರ ಉಬ್ಬತ್ತೆ, ಕಬ್ಬಿಣ ಒಂದು ಕೂದಲೆಳೆಯಷ್ಟೂ ಜಾಗ ಬಿಡಲ್ಲ. ಆಗ ಮರ ಹೋಗೋದೆಲ್ಲಿಗೆ? ತನ್ನೊಳಗೇ ಜಜ್ಜಿಹೋಗತ್ತೆ. ಮರದ ನಾರು ಅಂದ್ರೆ ಒಂದು ಕಟ್ಟು ಸಣ್ಣ ಸಣ್ಣ ಕೊಳವೆ ಅಂತ ಇಟ್ಕೊಳ್ಳಿ, ಆ ಕೊಳವೆಗಳೆಲ್ಲ ಒಂದರ ಮೇಲೊಂದು ಒತ್ತಿ ಚಪ್ಪಟೆ ಆಗತ್ತೆ. ಬೆಳಿಗ್ಗೆ ನೋಡಿದ್ರೆ ಬಿಗಿ, ಹೌದು, ಒಪ್ಕೋತೀನಿ. ಆದ್ರೆ ಎರಡು ಮೂರು ವಾರದಲ್ಲಿ ನೀರು ಆರತ್ತೆ, ಮರ ಕುಗ್ಗತ್ತೆ, ಮತ್ತೆ ಅದು ಮೊದಲಿನ ಅಳತೆಗೆ ಬಂದು ನಿಲ್ಲಲ್ಲ. ಚಪ್ಪಟೆಯಾದ ಕೊಳವೆ ಪೂರ್ತಿ ಎದ್ದು ನಿಲ್ಲಲ್ಲ ನೋಡಿ, ಹಾಗಾಗಿ ಮೊದಲಿಗಿಂತ ಇನ್ನೂ ಸಣ್ಣ ಆಗತ್ತೆ. ನೀವು ಮತ್ತೆ ನೆನೆಸ್ತೀರ, ಮತ್ತೆ ಜಜ್ಜತ್ತೆ, ಮತ್ತೆ ಸಣ್ಣ ಆಗತ್ತೆ. ಪ್ರತಿ ಸಲ ಬಕೆಟ್ಟಿಗೆ ಇಳಿಸಿದಾಗ್ಲೂ ಕಾವನ್ನ ಒಂದು ಸುತ್ತು ಕೆತ್ತಿದ ಲೆಕ್ಕ. ಮೇಲಾಗಿ ಕಣ್ಣಿನೊಳಗೆ, ನಿಮ್ಮ ಕಣ್ಣಿಗೆ ಕಾಣದ ಕಡೆ, ತುಕ್ಕು ಬೇರೆ ಕೂತು ಮರ ಕಪ್ಪಾಗಿ ಮೆತ್ತಗಾಗ್ತಾ ಬರತ್ತೆ.

ಇದನ್ನ ಹೇಳಿದ್ರೆ ತಕ್ಷಣ ಒಂದು ಪ್ರಶ್ನೆ ಬರತ್ತೆ, ಮರದ ಪೀಪಾಯಿ ನೀರು ಕುಡಿದೇ ತಾನೆ ಬಿಗಿಯಾಗೋದು, ದೋಣಿ? ಸರಿ, ಆದ್ರೆ ಪೀಪಾಯಿ ಯಾವಾಗ್ಲೂ ತುಂಬಿರತ್ತೆ, ದೋಣಿ ನೀರಲ್ಲೇ ಇರತ್ತೆ. ನಿಮ್ಮ ಕೊಡಲಿ ಬಾಗಿಲ ಹಿಂದೆ ಇರತ್ತೆ. ಜೀವನಪೂರ್ತಿ ಬಕೆಟ್ಟಲ್ಲೇ ಇಡ್ತೀನಿ ಅಂದ್ರೆ ನನ್ನ ಅಭ್ಯಂತರ ಇಲ್ಲ.

ನಂಬದವ್ರಿಗೆ ತೋರಿಸೋಕೆ ಅಂತ ಒಂದೇ ಕಾವಿನಿಂದ ಎರಡು ತುಂಡು ಕೊಯ್ದು, ಒಂದನ್ನ ಕಬ್ಬಿಣದ ಬಳೆಯೊಳಗೆ ಬಿಗಿಯಾಗಿ ಹೊಡೆದು, ಎರಡನ್ನೂ ಎರಡು ದಿನ ನೀರಲ್ಲಿಟ್ಟು ಆಮೇಲೆ ತಿಂಗಳು ಒಣಗಿಸಿದ್ದೆ. ಬಳೆ ಇಲ್ಲದ ತುಂಡು ಹೆಚ್ಚುಕಮ್ಮಿ ತನ್ನ ಅಳತೆಗೆ ಬಂತು, ಬಳೆಯೊಳಗಿಂದು ಕೈಯಲ್ಲಿ ಹಿಡಿದು ಬಗ್ಗಿಸಿದ್ರೆ ಸಾಕು ತಾನಾಗೇ ಜಾರಿ ಬೀಳ್ತಿತ್ತು. ಅದಿನ್ನೂ ನನ್ನ ಬೆಂಚ್ ಮೇಲೇ ಇದೆ, ಬಂದವ್ರ ಕೈಗೆ ಮೊದಲು ಅದನ್ನೇ ಕೊಡ್ತೀನಿ, ಕಾಫಿ ಆಮೇಲೆ.

ಹಾಗಾದ್ರೆ ತಲೆ ಸಡಿಲ ಆಗೋದ್ಯಾಕೆ? ಬಹುಪಾಲು ಸಲ ಹಸಿ ಕಾವು ಹಾಕಿರ್ತಾರೆ. ಕೊಡಲಿ ಕಾವಿಗೆ ಬಳಸೋ ಹಿಕರಿ ಅನ್ನೋ ಗಟ್ಟಿ ಮರ ಪೂರ್ತಿ ಹಸಿಯಿಂದ ಪೂರ್ತಿ ಒಣಗೋವಷ್ಟರಲ್ಲಿ ಅಡ್ಡಕ್ಕೆ ಶೇಕಡ 10ರ ಆಸುಪಾಸು ಕುಗ್ಗತ್ತೆ, ಉದ್ದಕ್ಕೆ ಲೆಕ್ಕಕ್ಕೇ ಇಲ್ಲ. ಶೇಕಡ 15 ತೇವ ಇರೋ ಕಾವು ಹಾಕಿ ಅದು 8ಕ್ಕೆ ಇಳೀತು ಅಂದ್ರೆ 20 ಮಿಲಿಮೀಟರ್ ದಪ್ಪಕ್ಕೆ ಸುಮಾರು ಅರ್ಧ ಮಿಲಿಮೀಟರ್ ಹೋಯ್ತು. ಅರ್ಧ ಮಿಲಿಮೀಟರ್ ಅಂದ್ರೆ ಏನ್ ಮಹಾ ಅಂತೀರ, ಅಷ್ಟಕ್ಕೇ ತಲೆ ಕಳಚಿ ಹಾರತ್ತೆ, ಎದುರಿಗೆ ಯಾರಿದಾರೆ ಅಂತ ಅದು ನೋಡಲ್ಲ.

ಮಾಡ್ಬೇಕಾದ್ದು ಇಷ್ಟು. ಕಾವನ್ನ ಚೆನ್ನಾಗಿ ಒಣಗಿಸಿ, ಬಿಸಿಲಿಗೆ ಒಡ್ಡಿ ಅಲ್ಲ, ಸೀಳತ್ತೆ, ಮನೆಯೊಳಗೆ ಗಾಳಿ ಆಡೋ ಕಡೆ ವಾರಗಟ್ಲೆ. ಹಳೇ ಬೆಣೆ ಕಿತ್ತು ತಲೆ ಬಿಚ್ಚಿ. ಕಾವು ಉದ್ದ ಇದ್ದು ಮರ ಗಟ್ಟಿ ಇದ್ರೆ ಭುಜದ ಹತ್ರ, ಅಂದ್ರೆ ತಲೆಯ ಕೆಳಗೆ ಕಾವು ದಪ್ಪ ಆಗೋ ಕಡೆ, ಸ್ವಲ್ಪ ಕೆತ್ತಿ ತಲೇನ ಇನ್ನೊಂದು ಸೆಂಟಿಮೀಟರ್ ಕೆಳಗೆ ಕೂರಿಸಿ, ಹೊಸ ಕಾವು ಬೇಕಾಗೇ ಇಲ್ಲ. ಕೂರಿಸುವಾಗ ತಲೆ ಮೇಲೆ ಸುತ್ತಿಗೆ ಹೊಡೀಬೇಡಿ. ಕೊಡಲೀನ ತಲೆಕೆಳಗಾಗಿ ಗಾಳೀಲಿ ತೂಗುಬಿಟ್ಟು ಕಾವಿನ ಬುಡಕ್ಕೆ ಮರದ ಸುತ್ತಿಗೇಲಿ ಹೊಡೀರಿ, ತಲೆ ತಾನೇ ಕಾವಿನ ಮೇಲೆ ಹತ್ತಿಕೊಂಡು ಬರತ್ತೆ. ಭಾರ ಇರೋ ತಲೆ ಇದ್ದಲ್ಲೇ ನಿಲ್ಲೋಕೆ ನೋಡತ್ತೆ, ಹಗುರ ಕಾವು ಅದರೊಳಗೆ ನುಗ್ಗತ್ತೆ, ಅಷ್ಟೇ. ಮೊದಲ ಸಲ ನೋಡಿದವ್ರೆಲ್ಲ ಇನ್ನೊಂದ್ಸಲ ಮಾಡಿ ಅಂತಾರೆ. ಆಮೇಲೆ ಒಣಗಿದ ಮರದ ಬೆಣೆ. ಹಳೇ ಕೊಡಲಿಗಳ ಕಣ್ಣು ಸಾಮಾನ್ಯವಾಗಿ ಮೇಲೆ ಸ್ವಲ್ಪ ಅಗಲ ಇರತ್ತೆ, ಬೆಣೆ ಕಾವನ್ನ ಅಲ್ಲಿ ಅರಳಿಸತ್ತೆ, ತಲೆ ಹಿಡಿದಿಡೋದು ಆ ಅರಳಿದ ಭಾಗ. ಅದಕ್ಕೇ ಕಾವು ಮೇಲೆ ಐದಾರು ಮಿಲಿಮೀಟರ್ ಎದ್ದೇ ಇರಲಿ, ಚೆಂದ ಕಾಣಲ್ಲ ಅಂತ ಸಮ ಮಾಡ್ಬೇಡಿ. ಕೊನೆಗೆ ಆ ತುದಿಗೆ ಅಗಸೆ ಎಣ್ಣೆ ನಾಲ್ಕೈದು ಸಲ ಕುಡಿಸಿ, ಅದು ನೀರಿನ ಹಾಗೆ ಆರಿ ಹೋಗಲ್ಲ, ಒಳಗೇ ಗಟ್ಟಿಯಾಗತ್ತೆ, ತೇವ ಒಳಗೆ ಹೊರಗೆ ಓಡಾಡೋದು ನಿಧಾನ ಆಗತ್ತೆ. ಆದ್ರೆ ಸೀಳಿರೋ ಕಾವಿಗೆ ಎಣ್ಣೆ ಔಷಧಿ ಅಲ್ಲ, ಕಣ್ಣಿನ ಹತ್ರ ಬಿರುಕು ಕಂಡ್ರೆ ದಯವಿಟ್ಟು ಬದಲಾಯಿಸಿ. ನಿಮ್ಮ ಕೊಡಲಿ ಕೈಯಲ್ಲಿ ಹಿಡಿದು ನೋಡದೆ ಇದಕ್ಕಿಂತ ಜಾಸ್ತಿ ನಾನು ಹೇಳಲ್ಲ.

ಹಳೇ ಕಾವು ಬರ್ತಿಲ್ಲ ಅಂತ ತಲೇನ ಬೆಂಕಿಗೆ ಹಾಕೋರ ಬಗ್ಗೆ ಬರೆಯೋಕೆ ಕೂತ್ರೆ ನನ್ನ ಬಿಪಿ ಏರತ್ತೆ. ಬಾಯಿ ನೀಲಿ ಬಣ್ಣಕ್ಕೆ ತಿರುಗ್ತು ಅಂದ್ರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಉಕ್ಕಿನ ಹದ, ಅಂದ್ರೆ ಗಡಸುತನ, ಹೋಯ್ತು, ಆಮೇಲೆ ಎಷ್ಟು ಹರಿತ ಮಾಡಿದ್ರೂ ನಾಲ್ಕು ಏಟಿಗೆ ಮೊಂಡು. ಹರಿತ ಮಾಡೋ ಗ್ರೈಂಡರ್ ಚಕ್ರಕ್ಕೆ ಒತ್ತಿ ಹಿಡಿದ್ರೂ ಇದೇ ಗತಿ.

ಹೋದ ವರ್ಷ ಒಬ್ಬರು ಅಮ್ಮ ಅವರ ಯಜಮಾನರ ಕೈಗೊಡಲಿ ತಂದಿದ್ರು. ಕಾವಿನ ಮೇಲೆ ಹೆಬ್ಬೆರಳು ಕೂತು ಕೂತು ಒಂದು ಗುಳಿ ಬಿದ್ದಿತ್ತು. ತಲೆ ಲೊಡಲೊಡ, ವರ್ಷಾನುಗಟ್ಲೆ ನೀರು ಕುಡಿಸಿದ್ರಂತೆ. ಹೊಸ ಕಾವು ಹಾಕೋದೇ ಸುಲಭ ಅಂತ ಬಾಯಿ ತೆರೆದೆ, ಅವರು ಆ ಗುಳಿ ಮೇಲೆ ಬೆರಳಾಡಿಸ್ತಾ ನಿಂತಿದ್ದು ನೋಡಿ ಬಾಯಿ ಮುಚ್ಕೊಂಡೆ. ಕಪ್ಪಾದ ಭಾಗ ಕೊಯ್ದು, ತಲೆ ಕೆಳಗಿಳಿಸಿ, ಹೊಸ ಬೆಣೆ ಹಾಕಿದೆ. ಕಾವು ಎರಡು ಬೆರಳು ಗಿಡ್ಡ ಆಯ್ತು, ಗುಳಿ ಇದ್ದ ಹಾಗೇ ಉಳೀತು. ಕಡ್ಡಿ ಸೀಳೋಕೆ ಧಾರಾಳ ಸಾಕು, ಮರ ಕಡಿಯೋಕೆ ಬೇಡ ಅಂತ ಮೂರು ಸಲ ಹೇಳಿ ಕಳಿಸಿದೀನಿ.

ಹಾಂ, ಮರೆತೆ, ಅಗಸೆ ಎಣ್ಣೆ ಒರೆಸಿದ ಬಟ್ಟೇನ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳತ್ತೆ. ಬಯಲಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿಡಿ. ಬಕೆಟ್ ಹೇಗೂ ಇದೆಯಲ್ಲ.